ಲದ್ದಿ ಪುರಾಣ

ನಲವತ್ತು ದಾಟಿದ ಗೃಹಸ್ಥನಿಗೆ ಯಾವುದಾದರೂ ಒಂದು ಹುಚ್ಚು ಹಿಡಿಯಬೇಕೆಂಬುದು ಸೃಷ್ಟಿನಿಯಮವೋ ಏನೋ. ನನ್ನ ಸಹೋದ್ಯೋಗಿಗಳಲ್ಲೊಬ್ಬರು ಹಳೆಯ ನಾಣ್ಯಗಳನ್ನು ಕೂಡಿಡುತ್ತಾರೆ. ಇನ್ನೊಬ್ಬರು ಮುಂಜಾನೆ ಎದ್ದು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಇಳಿದು, ಉಳಿದ ಹೊತ್ತನ್ನೆಲ್ಲ ಹತ್ತಿಳಿದ ವರದಿಯನ್ನು ನಮಗೆ ಒಪ್ಪಿಸುವುದರಲ್ಲಿ ಕಳೆಯುತ್ತಾರೆ. ಮೂರನೆಯವರು ಹೋಮಿಯೋಪತಿ ಗುಳಿಗೆಗಳ ಪೆಟ್ಟಿಗೆಯನ್ನಿಟ್ಟುಕೊಂಡು, ಎದುರಿಗೆ ಸೀನಿದವರನ್ನೆಲ್ಲ ಹಿಡಿದು ಚಿಕಿತ್ಸೆ ಮಾಡುತ್ತಾರೆ. ಇವೆಲ್ಲ ಮರ್ಯಾದಸ್ಥ ಹುಚ್ಚುಗಳು. ನಾಲ್ಕು ಜನರ ನಡುವೆ ಹೇಳಿಕೊಳ್ಳಬಹುದು, ಮಗಳ ಮದುವೆಯ ಮಾತುಕತೆಯಲ್ಲೂ ಅಡ್ಡಿಯಾಗಲಾರವು. ನನಗೆ ಹಿಡಿದಿರುವುದು ಇಂಥದಲ್ಲ. ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ 'ಸ್ವಲ್ಪ ತೋಟಗಾರಿಕೆ' ಎಂದು ಹೇಳಿ ಮಾತನ್ನು ಮಳೆ ಬೆಳೆಯ ಕಡೆಗೆ ತಿರುಗಿಸುತ್ತೇನೆ. ವಾಚಕರಲ್ಲಿ ಮುಚ್ಚುಮರೆಯೇಕೆ? ನನ್ನ ಹುಚ್ಚು ಕುದುರೆಯ ಲದ್ದಿಯಿಂದ ಗೊಬ್ಬರ ಮಾಡುವುದು.

ಮೂಗು ಮುಚ್ಚಿಕೊಳ್ಳುವ ಮುನ್ನ ಒಂದು ಮಾತು. ಕನ್ನಡದ ಮೇಷ್ಟರಾದ್ದರಿಂದ ನಾನು ಯಾವುದನ್ನೂ ಪದದಿಂದಲೇ ಆರಂಭಿಸುವವನು. ನಮ್ಮ ಭಾಷೆ ಈ ವಿಷಯದಲ್ಲಿ ಎಷ್ಟು ಶ್ರೀಮಂತವೆಂಬುದನ್ನು ನೋಡಿ. ಹಸು ಎಮ್ಮೆ ಹಾಕುವುದು ಸಗಣಿ. ಕುರಿ ಮೇಕೆ ಹಾಕುವುದು ಹಿಕ್ಕೆ. ಕುದುರೆ ಆನೆಗಳದು ಲದ್ದಿ. ಸಗಣಿ ಒಣಗಿದರೆ ಬೆರಣಿ, ರಾಶಿ ಬಿದ್ದರೆ ತಿಪ್ಪೆ, ಕೊಳೆತು ಹಣ್ಣಾದರೆ ಗೊಬ್ಬರ. ಇಷ್ಟು ವಿವೇಚನೆಯಿಂದ ಹೆಸರಿಟ್ಟ ನಮ್ಮ ಹಿರಿಯರು ಮರ್ಯಾದೆಯನ್ನು ಹಂಚುವಾಗ ಮಾತ್ರ ಪಕ್ಷಪಾತ ಮಾಡಿಬಿಟ್ಟರು. ಸಗಣಿಯಿಂದ ಅಂಗಳ ಸಾರಿಸಿ ರಂಗೋಲಿ ಇಟ್ಟರು. ಅದರ ಮುದ್ದೆಗೆ ಗರಿಕೆ ಸಿಕ್ಕಿಸಿ ಬೆನಕನೆಂದು ಪೂಜಿಸಿದರು. ಲದ್ದಿಗೆ ದೊರೆತದ್ದು ಮಾತ್ರ ಬೈಗುಳದಲ್ಲಿ ಒಂದು ಸ್ಥಾನ. 'ನಿನ್ನ ತಲೆಯಲ್ಲೇನು ಲದ್ದಿ ತುಂಬಿದೆಯೇನೋ?' ಎಂಬ ಮಂಗಳಾಶಾಸನವನ್ನು ಕೇಳದೆ ಹೈಸ್ಕೂಲು ದಾಟಿದ ಗಂಡುಮಕ್ಕಳು ನಮ್ಮ ಕಡೆ ಅಪರೂಪ. ಗೊಬ್ಬರದ ರಾಶಿಯ ಪಕ್ಕ ನಿಂತು ಯೋಚಿಸಿದರೆ ಅದು ಬೈಗುಳವೇ ಅಲ್ಲ ಎಂದು ಈಗ ನನಗೆ ತೋರುತ್ತದೆ. ಲದ್ದಿ ತುಂಬಿದ ತಲೆ ಎಂದರೆ, ಮೂರು ತಿಂಗಳು ಕಾದರೆ ಏನನ್ನು ಬೇಕಾದರೂ ಬೆಳೆಯಬಲ್ಲ ತಲೆ ಎಂದರ್ಥ!

ನಮ್ಮ ಮೈಸೂರು ಕುದುರೆಗಳ ಊರು. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಸಮುದ್ರ ದಾಟಿ ಹೋಗಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಜೋಧಪುರದ ಸವಾರರ ಜೊತೆಗೆ ಹೋರಾಡಿತು. ಆ ಪರಂಪರೆಯ ಒಂದು ಎಳೆ ಇಂದಿಗೂ ಅಶ್ವಾರೋಹಿ ಪೊಲೀಸರ ರೂಪದಲ್ಲಿ ದಸರೆಯ ಮೆರವಣಿಗೆಯಲ್ಲಿ ಕಾಣುತ್ತದೆ. ಬೆಟ್ಟದ ತಪ್ಪಲಿನಲ್ಲಿ ಕುದುರೆಗಳು ಓಡುವ ಮೈದಾನವಿದೆ. ಇವು ದೊಡ್ಡವರ ಕುದುರೆಗಳು. ನನ್ನಂಥವರ ಮನೆಗೆ ಹತ್ತಿರವಾದ ಕುದುರೆಯೆಂದರೆ ಟಾಂಗಾ ಕುದುರೆ. ನಮ್ಮ ತಂದೆಯವರ ಕಾಲದಲ್ಲಿ ರೈಲಿನಿಂದಿಳಿದವರು ಹಾಸಿಗೆ ಸುರುಳಿ, ಟ್ರಂಕು, ಹಲಸಿನ ಹಣ್ಣು, ಮಕ್ಕಳು ಎಲ್ಲವನ್ನೂ ಟಾಂಗಾದಲ್ಲಿ ತುಂಬಿಕೊಂಡು ಮನೆ ಸೇರುತ್ತಿದ್ದರು. ಈಗ ಉಳಿದಿರುವ ಟಾಂಗಾಗಳು ಹೆಚ್ಚಾಗಿ ಅರಮನೆಯ ಸುತ್ತ ಪ್ರವಾಸಿಗಳನ್ನು ಸುತ್ತಿಸುತ್ತವೆ. ದಸರೆಯಲ್ಲಿ ದಂಪತಿಗಳು ರೇಷ್ಮೆ ಸೀರೆ, ಪೇಟ ಧರಿಸಿ ಪಾರಂಪರಿಕ ಟಾಂಗಾ ಸವಾರಿ ಮಾಡುವುದುಂಟು. ವರ್ಷವೆಲ್ಲ ದುಡಿಯುವ ಕುದುರೆಗೆ ಆಗ ಒಂದು ದಿನದ ಪೌರೋಹಿತ್ಯ ದೊರೆತಂತೆ.

ನನ್ನ ಲದ್ದಿಯ ವ್ಯವಹಾರ ಆರಂಭವಾದದ್ದು ಅಮ್ಮನಿಂದ. ತಂದೆಯವರು ತೀರಿಕೊಂಡ ಮೇಲೆ ಅಮ್ಮ ಕೃಷ್ಣರಾಜಪೇಟೆಯ ಕಡೆಯ ನಮ್ಮ ಹಳ್ಳಿಯಿಂದ ಮೈಸೂರಿಗೆ ಬಂದು ನಮ್ಮೊಡನೆ ನೆಲಸಿದಳು. ಎರಡು ಹಸುಗಳನ್ನು ಮಾರಿ, ಮನೆಯ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದವಳು ಅವಳು. ನಮ್ಮ ಮನೆಯ ಹಿಂದೆ ಹನ್ನೆರಡು ಅಡಿ ಅಗಲದ ಒಂದು ಪಟ್ಟಿ ಜಾಗವಿದೆ. ಅದನ್ನು ಕಂಡು ಅವಳ ಕಣ್ಣು ಮೊದಲ ಬಾರಿಗೆ ಅರಳಿತು. ತುಳಸಿಯನ್ನು ನೆಟ್ಟಳು, ನಾಲ್ಕು ಬದನೆ ಸಸಿ ಊರಿದಳು, ಬೇಲಿಯ ಬದಿಗೆ ಮಲ್ಲಿಗೆ ಬಳ್ಳಿ ಹಬ್ಬಿಸಿದಳು. ಯಾವುದೂ ಏಳಿಗೆಯಾಗಲಿಲ್ಲ. ಮನೆ ಕಟ್ಟಿದವರು ಜಲ್ಲಿ, ಸಿಮೆಂಟಿನ ಹೆಂಟೆ, ಒಡೆದ ಹೆಂಚನ್ನೆಲ್ಲ ಅಲ್ಲೇ ಹೂತು ಮೇಲೆ ಒಂದು ಗೇಣು ಮಣ್ಣು ಹರಡಿ ಹೋಗಿದ್ದರು. ಅಮ್ಮ ಒಂದು ಹಿಡಿ ಮಣ್ಣನ್ನು ಎತ್ತಿ ಬೆರಳ ಸಂದಿಯಿಂದ ಸುರಿಸುತ್ತ, "ಈ ಮಣ್ಣಿಗೆ ಜೀವವೇ ಇಲ್ಲ ಕಣೋ" ಎಂದಳು. ಮಣ್ಣಿನ ಬಗ್ಗೆ ಮಾತ್ರವೇ ಹೇಳುತ್ತಿದ್ದಾಳೆ ಎಂದು ನನಗೆ ಅನ್ನಿಸಲಿಲ್ಲ.

ಅಂಗಡಿಯಿಂದ ಚೀಲಕ್ಕಿಷ್ಟು ಎಂದು ಕೊಟ್ಟು ತಂದ ಗೊಬ್ಬರದಲ್ಲಿ ಅರ್ಧ ಮಣ್ಣು, ಕಾಲು ಬೂದಿ. ಹೀಗಿರುವಾಗ ಒಂದು ಸಂಜೆ ಕಾಲೇಜಿನಿಂದ ಬರುವಾಗ ಟಾಂಗಾ ನಿಲ್ಲುವ ಜಾಗದಲ್ಲಿ ವಯಸ್ಸಾದ ಸಾಬರೊಬ್ಬರು ರಸ್ತೆಯ ಮೇಲಿನ ಲದ್ದಿಯನ್ನು ಗೋಣಿಚೀಲಕ್ಕೆ ಬಳಿದು ತುಂಬುತ್ತಿರುವುದು ಕಣ್ಣಿಗೆ ಬಿತ್ತು. ಸ್ಕೂಟರು ನಿಲ್ಲಿಸಿದೆ.

"ಇದನ್ನು ಏನು ಮಾಡ್ತೀರಿ ಸಾಬರೇ?"

"ಏನ್ ಮಾಡೋದು ಸಾರ್? ಕಸದ ಗಾಡಿಯೋರು ತಗೊಳಲ್ಲ. ಚರಂಡಿಗೆ ಹಾಕಿದ್ರೆ ಬೈತಾರೆ. ರಾತ್ರಿ ಎಲ್ಲಾದ್ರೂ ದೂರ ಹೋಗಿ ಸುರೀಬೇಕು. ಕುದುರೆ ತಿನ್ನೋದು ನಿಲ್ಲಿಸೋವರ್ಗೂ ಇದು ನಿಲ್ಲಲ್ಲ."

"ನನಗೆ ಕೊಡ್ತೀರಾ?"

ಅವರು ನನ್ನನ್ನೂ ನನ್ನ ಇಸ್ತ್ರಿ ಅಂಗಿಯನ್ನೂ ಒಮ್ಮೆ ನೋಡಿದರು. "ಸಾರ್ ಪಾಠ ಹೇಳೋರು ಅಲ್ವಾ?"

"ಹೌದು. ಗಿಡಕ್ಕೆ ಬೇಕು. ಎಷ್ಟು ಕೊಡಬೇಕು ಹೇಳಿ."

"ತಗೊಂಡೋಗಿ ಸಾರ್. ಲದ್ದಿಗೆ ದುಡ್ಡು ಈಸ್ಕೊಂಡ್ರೆ ನನ್ನ ಮೋತಿ ನೋಡಿ ನಗುತ್ತೆ" ಎಂದು ಅವರು ಕುದುರೆಯ ಕತ್ತು ತಟ್ಟಿದರು. ಬಿಳಿಯ ಮೈಯ, ಹಣೆಯ ಮೇಲೆ ಕೆಂಪು ಗೊಂಡೆ ಕಟ್ಟಿದ ಮೋತಿ ನಗುವ ಸೂಚನೆಯೇನೂ ತೋರಲಿಲ್ಲ. ಬಾಲ ಬೀಸಿತು, ಅಷ್ಟೆ.

ಚೀಲ ಮನೆಗೆ ಬಂದಾಗ ನಡೆದದ್ದನ್ನು ವಿವರಿಸುವುದಿಲ್ಲ; ಸಂಸಾರಸ್ಥರು ಊಹಿಸಿಕೊಳ್ಳಬಲ್ಲರು. ನನ್ನ ಹೆಂಡತಿ ಮೂರು ಷರತ್ತು ಹಾಕಿದಳು. ಚೀಲ ನಡುಮನೆಯನ್ನು ಹಾಯಬಾರದು, ಕೈಗವಸಿಲ್ಲದೆ ಮುಟ್ಟಬಾರದು, ಅಂದೇ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಮೂರನೆಯ ಷರತ್ತು ಶುದ್ಧ ವಿಜ್ಞಾನ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿರುವಂತೆ ಕುದುರೆಯ ಕರುಳಿನಲ್ಲೂ ಇರುತ್ತದೆ. ಅದರ ಬೀಜಕಣ ಎಷ್ಟು ಗಟ್ಟಿಯೆಂದರೆ ಗೊಬ್ಬರದ ಬಿಸಿಗೂ ಸಾಯುವುದಿಲ್ಲ. ಆದುದರಿಂದ ತೋಟದ ಹುಚ್ಚಿರುವ ವಾಚಕರು ನನ್ನ ಹೆಂಡತಿಯ ಮಾತನ್ನು ಪಾಲಿಸುವುದು ಕ್ಷೇಮ.

ಅಮ್ಮನ ಆಕ್ಷೇಪಣೆ ಬೇರೆ ತೆರನಾದದ್ದು. "ಹಸುವಿನ ಸಗಣಿ ತಾರೋ, ಬೇಡ ಅನ್ನೋರು ಯಾರು? ಇದು ಮಾತ್ರ ನನ್ನ ತುಳಸೀಕಟ್ಟೆ ಹತ್ತಿರ ಸುಳೀಕೂಡದು" ಎಂದಳು. ಸಗಣಿಗೂ ಲದ್ದಿಗೂ ರಸಾಯನದಲ್ಲಿ ಅಂಥ ವ್ಯತ್ಯಾಸವೇನಿಲ್ಲವೆಂದು ನಾನು ಉಪನ್ಯಾಸಕ್ಕೆ ತೊಡಗಿದೆ. ಅವಳು ಸೊಪ್ಪು ಬಿಡಿಸಲು ಒಳಗೆ ಹೋದಳು. ನಲವತ್ತೈದು ನಿಮಿಷದ ಪಾಠವನ್ನು ಎದುರಿಗೆ ವಿದ್ಯಾರ್ಥಿಗಳಿಲ್ಲದೆಯೂ ಮುಗಿಸುವ ಅಭ್ಯಾಸ ನನಗಿದೆಯೆನ್ನಿ. ತುಳಸೀಕಟ್ಟೆಯಿಂದ ಆದಷ್ಟು ದೂರಕ್ಕೆ, ನುಗ್ಗೆಮರದ ಹಿಂದಿನ ಮೂಲೆಯನ್ನು ಲದ್ದಿಗೆಂದು ಗೊತ್ತುಮಾಡಿದೆ.

ವ್ಯತ್ಯಾಸವೇ ಇಲ್ಲವೆಂದಲ್ಲ, ಇದೆ. ಹಸುವಿಗೆ ನಾಲ್ಕು ಕೋಣೆಗಳ ಹೊಟ್ಟೆ. ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕಿ, ಹುಲ್ಲಿನ ಸಾರವನ್ನೆಲ್ಲ ಹೀರಿಕೊಂಡು ನುಣ್ಣನೆಯ ಸಗಣಿಯನ್ನು ಹೊರಗೆ ಬಿಡುತ್ತದೆ. ಕುದುರೆಗೆ ಒಂದೇ ಜಠರ, ಮೆಲುಕು ಹಾಕುವ ವ್ಯವಧಾನವಿಲ್ಲ. ನಾರು ಕೊಳೆಯುವುದು ಕರುಳಿನ ಹಿಂಭಾಗದಲ್ಲಿ, ಅದೂ ಅರೆಬರೆ. ಹೀಗಾಗಿ ಲದ್ದಿಯನ್ನು ಒಡೆದು ನೋಡಿದರೆ ಹುಲ್ಲಿನ ಎಳೆಗಳು ಹಾಗೆಯೇ ಕಾಣುತ್ತವೆ. ಹುಲ್ಲಿನ ಬೀಜ ಕೂಡ ಜೀವಂತವಾಗಿ ಹೊರಬರುತ್ತದೆ. ನನ್ನ ತರಗತಿಯಲ್ಲೂ ಈ ಎರಡು ಜಾತಿಗಳಿವೆ. ಮೆಲುಕು ಹಾಕಿ ಅರಗಿಸಿಕೊಳ್ಳುವವರು ನಾಲ್ಕು ಮಂದಿ. ಉಳಿದವರು ಗೈಡನ್ನು ನುಂಗಿ, ಪರೀಕ್ಷೆಯ ದಿನ ಅದನ್ನು ಎಳೆ ಎಳೆಯಾಗಿ ಗುರುತು ಸಿಗುವಂತೆಯೇ ಉತ್ತರಪತ್ರಿಕೆಯ ಮೇಲೆ ಇಳಿಸುವವರು. ಮೊದಲು ನನಗೆ ಇದರಿಂದ ಬೇಸರವಾಗುತ್ತಿತ್ತು. ಲದ್ದಿಯ ಸಹವಾಸವಾದ ಮೇಲೆ ಸಮಾಧಾನ ಬಂದಿದೆ. ಅರಗದೆ ಉಳಿದದ್ದರಲ್ಲೇ ಕಾವು ಹೆಚ್ಚು; ಒಟ್ಟುಗೂಡಿಸಿ ಕಾಯಬೇಕು, ಅಷ್ಟೆ.

ಕಾಯುವುದಕ್ಕೂ ಒಂದು ಕ್ರಮವಿದೆ. ಹಸಿ ಲದ್ದಿಯನ್ನು ಗಿಡದ ಬುಡಕ್ಕೆ ಸುರಿದರೆ ಅದರ ಕಾವಿಗೂ ಅಮೋನಿಯಕ್ಕೂ ಎಳೆ ಬೇರು ಸುಡುತ್ತದೆ. ಅದನ್ನು ಮೊದಲು ರಾಶಿ ಹಾಕಿ ಹಣ್ಣು ಮಾಡಬೇಕು. ರಾಶಿ ಉದ್ದ, ಅಗಲ, ಎತ್ತರ ಮೂರು ಮೂರು ಅಡಿಯಾದರೂ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಹುಟ್ಟಿದ ಬಿಸಿ ಒಳಗೆ ನಿಲ್ಲುವುದಿಲ್ಲ. ತಳಕ್ಕೆ ಒಣ ಕಡ್ಡಿ, ಅದರ ಮೇಲೆ ಒಂದು ಗೇಣು ಒಣ ಎಲೆ, ಆಮೇಲೆ ನಾಲ್ಕು ಬೆರಳು ಲದ್ದಿ, ಅಡುಗೆಮನೆಯ ತರಕಾರಿ ಸಿಪ್ಪೆ, ಒಂದು ಹಿಡಿ ಮಣ್ಣು. ಮತ್ತೆ ಎಲೆ, ಮತ್ತೆ ಲದ್ದಿ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಪದಾರ್ಥದಲ್ಲಿ ಸಾರಜನಕ ಹೆಚ್ಚು. 25ರಿಂದ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕವಿದ್ದರೆ ಸೂಕ್ಷ್ಮಜೀವಿಗಳು ಹುರುಪಿನಿಂದ ಕೆಲಸ ಮಾಡುತ್ತವೆ. ಲದ್ದಿಯ ವಿಶೇಷವೆಂದರೆ ಅದು ಹುಟ್ಟುವಾಗಲೇ ಹೆಚ್ಚುಕಡಮೆ ಈ ಹದದಲ್ಲಿರುತ್ತದೆ. ನೀರಿನ ಹದವನ್ನು ಕೈಯೇ ಹೇಳುತ್ತದೆ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ತೊಟ್ಟು ಜಿನುಗಬೇಕು, ಸುರಿಯಬಾರದು. ವಾರಕ್ಕೊಮ್ಮೆ ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವಂತೆ ತಿರುವಿ ಹಾಕಬೇಕು. ಗಾಳಿಯಾಡಿದರೆ ನಾತವಿಲ್ಲ. ನಾರುವುದು ಉಸಿರುಕಟ್ಟಿದ ರಾಶಿ ಮಾತ್ರ.

ಇದು ನನ್ನ ಸ್ವಂತ ಶೋಧವೇನೂ ಅಲ್ಲ. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಸಗಣಿ, ಕಸಕಡ್ಡಿ, ಕೊಟ್ಟಿಗೆಯ ಗಂಜಲದ ಮಣ್ಣು ಇವುಗಳಿಂದ ಗೊಬ್ಬರ ಮಾಡುವ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದರು. ಅದಕ್ಕೆ 'ಇಂದೋರ್ ವಿಧಾನ' ಎಂದೇ ಹೆಸರು. ಭಾರತದ ರೈತರೂ ಬೆಳೆಗೆ ಬೀಳುವ ಕೀಟಗಳೂ ತನ್ನ ಗುರುಗಳೆಂದು ಅವರು ಹೇಳಿಕೊಂಡದ್ದುಂಟು. ಕೀಟವನ್ನು ಗುರುವೆಂದು ಕರೆಯಬಲ್ಲ ವಿದ್ವಾಂಸನನ್ನು ಕಂಡರೆ ನನಗೆ ಗೌರವ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಊರಿನ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ ಮುಚ್ಚಿ, ತಿರುವದೆಯೇ ಗೊಬ್ಬರ ಮಾಡುವ 'ಬೆಂಗಳೂರು ವಿಧಾನ'ವನ್ನು ರೂಪಿಸಿದರು. ಬೆಂಗಳೂರಿನದಕ್ಕೆ ಶ್ರಮ ಕಡಿಮೆ, ಕಾಲ ಹೆಚ್ಚು. ಇಂದೋರಿನದಕ್ಕೆ ಬೆನ್ನುನೋವು ಹೆಚ್ಚು, ಫಲ ಬೇಗ. ಅಮ್ಮನ ಬದನೆ ಗಿಡಗಳು ಕಾಯುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ನಾನು ಇಂದೋರಿನ ಪಕ್ಷ ಸೇರಿದೆ.

ರಾಶಿ ಹಾಕಿದ ನಾಲ್ಕನೆಯ ದಿನ ಮುಂಜಾನೆ, ಕಾರ್ತಿಕದ ಚಳಿಯಲ್ಲಿ, ನುಗ್ಗೆಮರದ ಹಿಂದಿನಿಂದ ಹಬೆ ಏಳುತ್ತಿತ್ತು. ರಸಾಯನಶಾಸ್ತ್ರದ ಮಿತ್ರರಿಂದ ಎರವಲು ತಂದ ಉಷ್ಣಮಾಪಕವನ್ನು ಒಳಗೆ ಇಳಿಸಿದೆ. 62 ಡಿಗ್ರಿ! ಕೆಳಗೆ ಒಲೆಯಿಲ್ಲ, ಕೆಂಡವಿಲ್ಲ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಉಣ್ಣುತ್ತ ಉಸಿರಾಡುತ್ತ ಇರುವುದರಿಂದ ಹುಟ್ಟಿದ ಬಿಸಿ ಅದು. 55 ಡಿಗ್ರಿಗೆ ಮೇಲ್ಪಟ್ಟ ಬಿಸಿ ಕೆಲವು ದಿನ ನಿಂತರೆ ಕಳೆಯ ಬೀಜಗಳೂ ಬಹುಪಾಲು ರೋಗಾಣುಗಳೂ ಸಾಯುತ್ತವೆ. 17ನೆಯ ಶತಮಾನದಲ್ಲಿ ಫ್ರಾನ್ಸಿನ ದೊರೆ 14ನೆಯ ಲೂಯಿಗಾಗಿ ವರ್ಸೇಲ್ಸಿನಲ್ಲಿ ಕಾಯಿಪಲ್ಯದ ತೋಟ ಮಾಡಿದ ಲಾ ಕ್ಯಾಂತಿನಿ ಎಂಬಾತ ಅರಮನೆಯ ಲಾಯಗಳ ಹಸಿ ಲದ್ದಿಯನ್ನು ಮಡಿಗಳ ಕೆಳಗೆ ಹರಡಿ, ಆ ಕಾವಿನಲ್ಲಿ ನಡುಚಳಿಗಾಲದಲ್ಲೇ ಎಳೆಯ ಕಾಯಿಪಲ್ಯ ಬೆಳೆದು ದೊರೆಗೆ ಬಡಿಸಿದನಂತೆ. ಆಮೇಲೆ ಪ್ಯಾರಿಸಿನ ತೋಟಗಾರರು ಗಾಡಿಕುದುರೆಗಳ ಲದ್ದಿಯಿಂದಲೇ ಆ ಮಹಾನಗರಕ್ಕೆ ತರಕಾರಿ ಒದಗಿಸಿದರು. ಮೋಟಾರು ಬಂದು ಕುದುರೆ ಹೋದಾಗ ಅವರ ತೋಟಗಳಿಗೂ ಕುತ್ತು ಬಂತು. ಈ ಕೊನೆಯ ಸಂಗತಿಯನ್ನು ಓದಿದಾಗ ನನಗೆ ಅದು ಬರೀ ಚರಿತ್ರೆಯಾಗಿತ್ತು.

ಅಮ್ಮ ಗಾಜಿನ ಕೊಳವೆಯನ್ನು ನಂಬಲಿಲ್ಲ. ದೂರದಿಂದಲೇ ಹಬೆಯನ್ನು ನೋಡುತ್ತ ನಿಂತಿದ್ದವಳು ಒಳಗೆ ಹೋಗಿ ಒಂದು ಕಬ್ಬಿಣದ ಸರಳು ತಂದಳು. ಅದನ್ನು ರಾಶಿಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆದು, ತುದಿಯನ್ನು ಬೆರಳಿಂದ ಮುಟ್ಟಿ ಚುರಕ್ಕೆಂದು ಕೈ ಹಿಂದಕ್ಕೆ ತೆಗೆದಳು. ಹಳ್ಳಿಯ ತಿಪ್ಪೆಯನ್ನು ಅವಳು ಐವತ್ತು ವರ್ಷ ಹೀಗೆಯೇ ಪರೀಕ್ಷಿಸಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.

"ಬೇಯ್ತಾ ಇದೆ ಕಣೋ" ಎಂದಳು.

ನಾನು ರೋಗಾಣು, ಡಿಗ್ರಿ, ಇಂಗಾಲ ಎಂದು ಹೇಳಿದ್ದೆಲ್ಲ ಆ ಒಂದು ಕ್ರಿಯಾಪದದಲ್ಲಿ ಇತ್ತು. ಹಸಿಯದು ಬೇರೆ, ಬೆಂದದ್ದು ಬೇರೆ. ಅಡುಗೆಮನೆಯಲ್ಲಿ ಆಯುಷ್ಯ ಕಳೆದವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮೂರು ತಿಂಗಳಾಗುವ ಹೊತ್ತಿಗೆ ರಾಶಿ ಅರ್ಧಕ್ಕಿಂತ ಕೆಳಗೆ ಇಳಿದು, ಕಪ್ಪಗೆ, ಉದುರುದುರಾಗಿ, ಮೊದಲ ಮಳೆ ಬಿದ್ದ ನೆಲದ ಪರಿಮಳ ಬೀರುತ್ತಿತ್ತು. ಅಮ್ಮ ಒಂದು ಹಿಡಿ ಎತ್ತಿ ಮೂಸಿದಳು. "ಇದರಲ್ಲಿ ಕುದುರೆ ಎಲ್ಲಿದೆ? ಇದು ಮಣ್ಣು" ಎಂದು ತಾನೇ ಒಂದು ಬೊಗಸೆಯನ್ನು ತುಳಸಿಯ ಬುಡಕ್ಕೆ ಹಾಕಿದಳು. ಆಮೇಲೆ ಹೋಗಿ ಸ್ನಾನ ಮಾಡಿದಳು. ತತ್ತ್ವ ಬೇರೆ, ಅಭ್ಯಾಸ ಬೇರೆ.

ಮರುವರ್ಷದಿಂದ ನಮ್ಮ ಹಿತ್ತಿಲಿನ ಚಹರೆಯೇ ಬದಲಾಯಿತು. ಈರನಗೆರೆ ಬದನೆ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿತು. ಮಲ್ಲಿಗೆ ಬೇಲಿ ಹಾರಿ ಪಕ್ಕದ ಮನೆಗೆ ಹೋಯಿತು. ನಮ್ಮ ಬೀದಿಯಲ್ಲಿ ಎಲೆ ಗುಡಿಸಿ ಬೆಂಕಿ ಹಚ್ಚುತ್ತಿದ್ದವರು ಅದನ್ನು ಚೀಲದಲ್ಲಿ ತುಂಬಿ ನಮ್ಮ ಗೇಟಿಗೆ ಒರಗಿಸಿ ಹೋಗತೊಡಗಿದರು. ಸಾಬರು ಒಂದು ಭಾನುವಾರ ಲದ್ದಿಯ ಚೀಲಗಳನ್ನು ತಾವೇ ಟಾಂಗಾದಲ್ಲಿ ಹೇರಿಕೊಂಡು ಮನೆಗೆ ಬಂದರು. ಬೀದಿಯ ಮಕ್ಕಳಿಗೆಲ್ಲ ಪುಕ್ಕಟೆ ಸವಾರಿ. ಅಮ್ಮ ಬಾಗಿಲಲ್ಲಿ ನಿಂತು ಮೋತಿಯನ್ನು ನೋಡಿ ಕೇಳಿದಳು: "ಏನು ಹಾಕ್ತೀರಿ ಇದಕ್ಕೆ?"

"ಹುಲ್ಲು, ಬೂಸಾ, ಹುರುಳಿ ಅಮ್ಮಾವ್ರೇ. ಹುರುಳಿ ರೇಟು ಕೇಳಿದ್ರೆ ಅದಕ್ಕೆ ಹಾಕೋದೋ, ನಾವು ತಿನ್ನೋದೋ ಅನ್ಸುತ್ತೆ."

ಅಮ್ಮ ಒಳಗೆ ಹೋಗಿ ಒಂದು ಪಾತ್ರೆ ತಂದಳು. ಅಂದು ನಮ್ಮ ಮನೆಯಲ್ಲಿ ಹುರುಳಿ ಕಟ್ಟಿನ ಸಾರು. ಹುರುಳಿ ಬೇಯಿಸಿ ಬಸಿದ ಕಟ್ಟು ಮನುಷ್ಯರ ಸಾರಿಗೆ, ಬೆಂದ ಕಾಳು ಕೊಟ್ಟಿಗೆಯ ಎತ್ತಿಗೆ ಎಂಬುದು ನಮ್ಮ ಕಡೆಯ ಹಳೆಯ ಪದ್ಧತಿ. ಪಟ್ಟಣದಲ್ಲಿ ಎತ್ತಿಲ್ಲದೆ ಆ ಕಾಳು ಇಷ್ಟು ವರ್ಷ ಪಲ್ಯದ ವೇಷ ಹಾಕುತ್ತಿತ್ತು, ಮನೆಯಲ್ಲಿ ಯಾರಿಗೂ ಅದು ರುಚಿಸದು. ಅಂದಿನಿಂದ ಕಟ್ಟಿನ ಸಾರು ಮಾಡಿದಾಗಲೆಲ್ಲ ಉಪ್ಪು ಹಾಕುವುದಕ್ಕೆ ಮೊದಲೇ ಕಾಳನ್ನು ಬಸಿದು ಒಂದು ಡಬ್ಬಿಯಲ್ಲಿ ನನ್ನ ಕೈಗೆ ಕೊಡುವುದು ವಾಡಿಕೆಯಾಯಿತು. ಕಾಳು ಮೋತಿಗೆ, ಮೋತಿಯ ಲದ್ದಿ ನನ್ನ ರಾಶಿಗೆ, ರಾಶಿಯ ಗೊಬ್ಬರ ಬದನೆಗೆ, ಬದನೆ ಅಮ್ಮನ ಒಲೆಗೆ. ಹಳ್ಳಿಯಲ್ಲಿ ಕಳಚಿಬಿದ್ದ ಒಂದು ಚಕ್ರ ಮೈಸೂರಿನ ಹನ್ನೆರಡು ಅಡಿ ಜಾಗದಲ್ಲಿ ಮತ್ತೆ ತಿರುಗತೊಡಗಿತು. ಬೀಗದ ಕೈ ಅಮ್ಮನ ಸೆರಗಿನಿಂದ ಗೋಡೆಯ ಮೊಳೆಗೆ ಬಂದದ್ದೂ ಆ ವರ್ಷವೇ. ಸಾಬರು ಮಾತ್ರ ಬದನೆಕಾಯಿ ಕೊಟ್ಟರೂ ತೆಗೆದುಕೊಳ್ಳುತ್ತಿರಲಿಲ್ಲ. "ಬೇಡ ಅಮ್ಮಾವ್ರೇ, ಕಾಳು ಕೊಟ್ಟಿದ್ದೀರಲ್ಲ, ಲೆಕ್ಕ ಸರಿಹೋಯ್ತು" ಎನ್ನುತ್ತಿದ್ದರು.

ಚಕ್ರ ಬಹುಕಾಲ ತಿರುಗಲಿಲ್ಲ. ಕಳೆದ ದಸರೆ ಮುಗಿದ ಹದಿನೈದು ದಿನಕ್ಕೆ ಸಾಬರು ಬಂದರು. ಟಾಂಗಾದಲ್ಲಲ್ಲ, ಮಗನ ಆಟೋದಲ್ಲಿ. ಎರಡು ಚೀಲ ಇಳಿಸಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಮೋತೀನ ಕೊಟ್ಬಿಟ್ಟೆ ಸಾರ್" ಎಂದರು. ಮದುವೆಯ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಮಂಡ್ಯದ ಕಡೆಯವರೊಬ್ಬರು ಕೊಂಡುಕೊಂಡಿದ್ದರು. ಮಂಡಿನೋವು ಸಾಬರನ್ನು ಗಾಡಿ ಹತ್ತಗೊಡದು. ಲಾಳ ಕಟ್ಟುವವರು ಸಿಕ್ಕುವುದು ಕಷ್ಟ. ಸವಾರಿ ಇದ್ದ ದಿನ ಇತ್ತು, ಇಲ್ಲದ ದಿನ ಇಲ್ಲ. ಕುದುರೆಯ ಹಸಿವಿಗೆ ಮಾತ್ರ ರಜವಿಲ್ಲ. ಮಗನನ್ನು ದೂರುವಂತಿಲ್ಲ. ಅವನಿಗೂ ಸಂಸಾರವಿದೆ, ಲದ್ದಿಯಿಂದ ಸಂಸಾರ ನಡೆಯುವುದಿಲ್ಲ. ಡಾಂಬರು ರಸ್ತೆಯ ಬಿಸಿಲಲ್ಲಿ ದಿನವಿಡೀ ನಿಲ್ಲುವುದು ಮೋತಿಗೆ ಸುಖವಾಗಿತ್ತೆಂದೂ ನಾನು ಹೇಳಲಾರೆ. ಟಾಂಗಾ ನಮ್ಮ ಊರಿನ ಹೆಮ್ಮೆ, ಅದು ಉಳಿಯಬೇಕು ಎಂದು ಸಭೆಗಳಲ್ಲಿ ಹೇಳುವವರೆಲ್ಲ ಸಭೆ ಮುಗಿದ ಮೇಲೆ ಆಟೋ ಕರೆಯುವವರೇ. ನ್ಯಾಯವಾಗಿ ಯಾರ ಮೇಲೂ ತಪ್ಪು ಹೊರಿಸಲಾಗದಂತೆ ಒಂದು ಕಸುಬು ಮುಗಿದುಹೋಗುತ್ತದೆ, ಅದೇ ದುಃಖ.

ಅಮ್ಮ ಕಾಫಿ ತಂದುಕೊಟ್ಟಳು. ಸಾಬರು ಜಗಲಿಯ ಮೇಲೆ ಕುಳಿತು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು: "ಐವತ್ತು ವರ್ಷ ಎದ್ದ ತಕ್ಷಣ ಲಾಯ ಗುಡಿಸಿದ್ದೀನಿ ಅಮ್ಮಾವ್ರೇ. ಈಗ ಬೆಳಗಾದ್ರೆ ಕೈಗೆ ಏನು ಕೆಲಸ ಕೊಡ್ಬೇಕು ಅಂತಾನೇ ತೋಚಲ್ಲ." ಅಮ್ಮ ಏನೂ ಹೇಳಲಿಲ್ಲ. ಎರಡು ಹಸು ಮಾರಿ ಬಂದವಳಿಗೆ ಆ ಮಾತಿನ ಅರ್ಥ ಹೇಳಬೇಕಾಗಿರಲಿಲ್ಲ.

ಆ ಎರಡು ಚೀಲದಿಂದ ಆದ ಗೊಬ್ಬರವನ್ನು ಮಡಿಗಳಿಗೆ ಹಂಚುವ ದಿನ ಅಮ್ಮ ನನ್ನನ್ನು ತಡೆದಳು. "ಎಲ್ಲ ಬಳಿದುಬಿಡಬೇಡ. ಒಂದು ಬುಟ್ಟಿ ಉಳಿಸು, ಹೆಪ್ಪಿಗೆ." ಸೂಕ್ಷ್ಮಜೀವಿಗಳು ಪ್ರತಿಯೊಂದು ಎಲೆಯ ಮೇಲೂ ಮಣ್ಣಿನ ಪ್ರತಿಯೊಂದು ಕಣದಲ್ಲೂ ಇರುತ್ತವೆ, ಹೊಸ ರಾಶಿಗೆ ಹಳೆಯದರ ಹೆಪ್ಪು ಹಾಕಲೇಬೇಕೆಂಬ ನಿಯಮವಿಲ್ಲ ಎಂದು ವಿಜ್ಞಾನ ಬಲ್ಲ ಮಿತ್ರರು ಹೇಳುತ್ತಾರೆ. ಇರಬಹುದು. ನಾನು ಒಂದು ಬುಟ್ಟಿ ಉಳಿಸಿದೆ. ಈಗ ಹಾಲಿನವರ ಕೊಟ್ಟಿಗೆಯ ಸಗಣಿ, ಬೀದಿಯ ಎಲೆ, ಇಷ್ಟು ಹೊಂಗೆ ಹಿಂಡಿ ಸೇರಿಸಿ ರಾಶಿ ಹಾಕುತ್ತೇನೆ. ಪ್ರತಿ ರಾಶಿಗೂ ಹಿಂದಿನದರ ಒಂದು ಬುಟ್ಟಿ ಬೆರೆಸುತ್ತೇನೆ. ಲದ್ದಿಯಷ್ಟು ಬೇಗ ಕಾವೇರುವುದಿಲ್ಲ, ಆದರೆ ಏರುತ್ತದೆ.

ಮೊನ್ನೆ ಸಾಬರು ಮೊಮ್ಮಗಳ ಮದುವೆಯ ಕರೆಯೋಲೆ ಹಿಡಿದು ಬಂದಿದ್ದರು. ಕುಂಟುತ್ತಲೇ ಹಿತ್ತಿಲಿಗೆ ಬಂದು ನುಗ್ಗೆಮರದ ಹಿಂದೆ ಇಣುಕಿದರು. ಅಮ್ಮ ಮಾತಿಲ್ಲದೆ ಕಬ್ಬಿಣದ ಸರಳನ್ನು ಎಳೆದು ಅವರ ಕಡೆ ಚಾಚಿದಳು. ಅವರು ತುದಿಯನ್ನು ಅಂಗೈಯಲ್ಲಿ ಹಿಡಿದು, "ಇನ್ನೂ ಬಿಸಿ ಇದೆ" ಎಂದರು.

"ನಿಮ್ಮ ಮೋತೀದೇ ಹೆಪ್ಪು ಸಾಬರೇ" ಎಂದು ಅಮ್ಮ ಸೆರಗಿನ ತುಂಬ ಬದನೆಕಾಯಿ ಕಿತ್ತು ಒಂದು ಚೀಲಕ್ಕೆ ಹಾಕಿಕೊಟ್ಟಳು.

ಅಂದು ಅವರು ಬೇಡವೆನ್ನಲಿಲ್ಲ.